ನಿದ್ರೆಯ ವಿದ್ಯೆ ಮತ್ತು ಮನೆಯ ವೈದ್ಯ

ನಿದ್ರೆಯ ಬಗೆಗಳನ್ನು ಹೇಳಲು ನಮ್ಮ ಭಾಷೆಯಲ್ಲಿ ಪದಗಳಿಗೆ ಬರವಿಲ್ಲ. ಜೊಂಪು, ಮಂಪರು, ತೂಕಡಿಕೆ, ಕೋಳಿನಿದ್ದೆ, ಗಾಢನಿದ್ರೆ ಎಂದು ಅದರ ಒಂದೊಂದು ಮೆಟ್ಟಿಲನ್ನೂ ನಮ್ಮ ಹಿರಿಯರು ಗುರುತಿಸಿದ್ದರು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯಲ್ಲಿ ನಿದ್ರೆಗೂ ಮನಸ್ಸಿಗೂ ಇರುವ ನಂಟನ್ನು ಹೇಳಿದರು. ಆದರೆ ನಿದ್ರೆಯೇ ಒಂದು ವೈದ್ಯಶಾಖೆಯಾದೀತೆಂದು, ಅದನ್ನು ಕಲಿಯಲು ನುರಿತ ವೈದ್ಯರೂ ಮತ್ತೆ ಒಂದು ವರ್ಷ ಶಿಷ್ಯರಾಗಿ ಕೂಡಬೇಕಾದೀತೆಂದು ಅವರು ಊಹಿಸಿರಲಾರರು. ಅಮೆರಿಕದಲ್ಲಿ ಇಂದು ಹಾಗೆ ನಡೆದಿದೆ. ಆ ದೇಶದ ಕುಟುಂಬವೈದ್ಯರು ಈ ವಿದ್ಯೆಯತ್ತ ಏಕೆ ಹೋಗುತ್ತಾರೆ, ಹೋದರೆ ಏನನ್ನು ಪಡೆಯುತ್ತಾರೆ, ಏನನ್ನು ಬಿಡಬೇಕಾಗುತ್ತದೆ ಎಂಬುದನ್ನು ಈ ಹೊತ್ತು ಕೊಂಚ ವಿಚಾರ ಮಾಡೋಣ.

ಈ ಶಾಸ್ತ್ರಕ್ಕೆ ಹೆಚ್ಚು ವಯಸ್ಸಾಗಿಲ್ಲ. ಮಲಗಿದವನ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗಳು ಆಗಾಗ ವೇಗವಾಗಿ ಚಲಿಸುತ್ತವೆ ಎಂಬುದನ್ನು 1953ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಪ್ರಕಟಿಸಿದರು. ಆ ಹೊತ್ತಿನಲ್ಲಿ ಎಬ್ಬಿಸಿದರೆ ಮಲಗಿದವರು ಬಹುಮಟ್ಟಿಗೆ ಕನಸನ್ನು ವರ್ಣಿಸುತ್ತಿದ್ದರು. ನಿದ್ರೆಯೆಂದರೆ ದೀಪ ಆರಿದಂತೆ ಎಂಬ ನಂಬಿಕೆ ಅಲ್ಲಿಂದ ಸಡಿಲವಾಯಿತು. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಮತ್ತು ಸಂಗಡಿಗರು, ನಿದ್ರೆಯಲ್ಲಿ ಮುಚ್ಚಿಕೊಳ್ಳುವ ಗಂಟಲನ್ನು ಮೂಗಿನ ಮೂಲಕ ಹಾಯಿಸಿದ ಒತ್ತಡದ ಗಾಳಿಯಿಂದ ತೆರೆದಿಡಬಹುದೆಂದು ತೋರಿಸಿದರು. ಮನೆಮಂದಿ ನಗುತ್ತಿದ್ದ ಗೊರಕೆಯ ಹಿಂದೆ ಅಡಗಿರಬಹುದಾದ ಉಸಿರುಗಟ್ಟುವ ಕಾಯಿಲೆಗೆ ಹೀಗೆ ಶಸ್ತ್ರಕ್ರಿಯೆಯಿಲ್ಲದ ಒಂದು ಚಿಕಿತ್ಸೆ ದೊರೆಯಿತು.

ಅಮೆರಿಕದ ವೈದ್ಯಮಂಡಳಿಗಳು ಈ ಶಾಖೆಗೆ ಕೂಡಿ ನಡೆಸುವ ಪರೀಕ್ಷೆ 2007ರಲ್ಲಿ ಆರಂಭವಾಯಿತು. ಮೊದಲ ಕೆಲವು ವರ್ಷ ಅನುಭವದ ಬಲದಿಂದಲೇ ಪರೀಕ್ಷೆಗೆ ಕೂಡಲು ಅವಕಾಶವಿತ್ತು. 2011ರ ಬಳಿಕ ಆ ಬಾಗಿಲು ಮುಚ್ಚಿತು. ಈಗ ವೈದ್ಯಪದವಿಯ ನಂತರ ಕುಟುಂಬವೈದ್ಯದಲ್ಲಿ ಮೂರು ವರ್ಷದ ರೆಸಿಡೆನ್ಸಿ ಮುಗಿಸಿದವರು ಇನ್ನೂ ಒಂದು ವರ್ಷ ಫೆಲೋಶಿಪ್ ಮಾಡಬೇಕು. ನಮ್ಮಲ್ಲಿ ಈ ಮಾತಿಗೆ ಸಂಶೋಧನ ವೇತನವೆಂಬ ಅರ್ಥ ರೂಢಿಯಲ್ಲಿದೆ; ಅಲ್ಲಿ ಅದು ಹಿರಿಯರ ಕಣ್ಣೆದುರಿನಲ್ಲಿ ರೋಗಿಗಳನ್ನು ನೋಡುತ್ತ ಕಲಿಯುವ ಅಭ್ಯಾಸದ ಅವಧಿ.

ಆ ವರ್ಷದಲ್ಲಿ ಕಲಿಯುವುದೇನು? ಮುಖ್ಯವಾಗಿ ಒಂದು ರಾತ್ರಿಯನ್ನು ಓದುವುದು. ಮಲಗಿದವನ ಮಿದುಳಿನ ಅಲೆ, ಕಣ್ಣಿನ ಚಲನೆ, ಗಲ್ಲದ ಸ್ನಾಯುವಿನ ಬಿಗಿತ, ಉಸಿರು, ಹೃದಯದ ಬಡಿತ, ರಕ್ತದ ಆಮ್ಲಜನಕ, ಕಾಲಿನ ಅಲುಗಾಟ ಇವೆಲ್ಲ ಏಕಕಾಲಕ್ಕೆ ಗೆರೆಗಳಾಗಿ ದಾಖಲಾಗುತ್ತವೆ. ಅದನ್ನು 30 ಸೆಕೆಂಡಿನ ತುಣುಕುಗಳಾಗಿ ನೋಡುತ್ತಾರೆ. ಎಂಟು ಗಂಟೆಯ ರಾತ್ರಿಗೆ 960 ಪುಟಗಳಾದವು. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಸಿರು ನಿಂತದ್ದನ್ನೂ ಇಳಿದದ್ದನ್ನೂ ಎಣಿಸುತ್ತಾರೆ; ಗಂಟೆಗೆ ಮೂವತ್ತು ಅಥವಾ ಹೆಚ್ಚು ಸಲ ಹಾಗಾದರೆ ಕಾಯಿಲೆ ತೀವ್ರವೆಂದು ಲೆಕ್ಕ. ಹಳೆಯ ಓಲೆಗರಿಯನ್ನು ಬಿಡಿಸಿ ಓದಿದವರಿಗೆ ಈ ತಾಳ್ಮೆಯ ಬೆಲೆ ತಿಳಿದೀತು.

ಈ ವಿದ್ಯೆ ಯಾವುದೇ ಒಂದು ಅಂಗದ ಸೊತ್ತಲ್ಲ. ಶ್ವಾಸಕೋಶ, ನರ, ಮನಸ್ಸು, ಕಿವಿಮೂಗುಗಂಟಲು, ಮಕ್ಕಳ ಕಾಯಿಲೆ, ಎಲ್ಲವೂ ಇದರಲ್ಲಿ ಸೇರಿವೆ. ಆದ್ದರಿಂದಲೇ ಕುಟುಂಬವೈದ್ಯನಿಗೆ ಇದು ಒಗ್ಗುತ್ತದೆ. ಗಂಡನ ಉಸಿರು ನಡುರಾತ್ರಿ ನಿಲ್ಲುತ್ತದೆಂದು ಹೆಂಡತಿ ಮೊದಲು ಹೇಳುವುದು ಆತನಿಗೇ. ಔಷಧಿಗೆ ಬಗ್ಗದ ರಕ್ತದೊತ್ತಡವನ್ನೂ, ಚಕ್ರದ ಹಿಂದೆ ಕುಳಿತು ತೂಕಡಿಸುವ ಲಾರಿ ಚಾಲಕನನ್ನೂ ಆತ ಕಾಣುತ್ತಾನೆ. ವರ್ಷಗಟ್ಟಲೆ ಮಾತ್ರೆ ನುಂಗಿಯೂ ನಿದ್ದೆಗಾಣದವರಿಗೆ, ಮಲಗುವ ಹೊತ್ತನ್ನೂ ಹಾಸಿಗೆಯ ಕುರಿತ ಭಯವನ್ನೂ ತಿದ್ದುವ ಮಾತಿನ ಚಿಕಿತ್ಸೆಯೇ ಮೊದಲು ಸಲ್ಲಬೇಕೆಂದು ಇಂದಿನ ವೈದ್ಯಮತ. ಅದಕ್ಕೆ ಬೇಕಾದುದು ರೋಗಿಯ ಮನೆಯ ಪರಿಚಯ.

ಆದರೂ ಈ ಹೆಜ್ಜೆ ಸುಲಭವಲ್ಲ. ನನ್ನ ತಮ್ಮನ ಮಗಳು ಆ ದೇಶದ ಒಂದು ಸಣ್ಣ ಊರಿನಲ್ಲಿ ಏಳು ವರ್ಷಗಳಿಂದ ಕುಟುಂಬವೈದ್ಯೆ. ಸಂಪಾದನೆ ಬಿಟ್ಟು ಶಿಷ್ಯವೇತನದಲ್ಲಿ ಒಂದು ವರ್ಷ ಕಳೆಯುವ ಚಿಂತೆ ಅವಳಿಗೆ ಇಲ್ಲದಿರಲಿಲ್ಲ. ಅದಕ್ಕಿಂತ ಬೇರೊಂದು ಪ್ರಶ್ನೆ ಅವಳನ್ನು ಕಾಡಿತು. “ದೊಡ್ಡಪ್ಪ, ನಾನು ಹೆರಿಗೆ ಮಾಡಿಸಿದ ಮಕ್ಕಳು ಈಗ ಶಾಲೆಗೆ ಹೋಗುತ್ತಿವೆ. ಅವರನ್ನೆಲ್ಲ ಬೇರೆಯವರ ಕೈಗೊಪ್ಪಿಸಿ ಹೋದರೆ, ಮರಳಿದ ಮೇಲೆ ನಾನು ಅವರ ಮನೆಯ ಡಾಕ್ಟರಾಗಿ ಉಳಿಯುತ್ತೇನೆಯೇ?” ಎಂದು ಕೇಳಿದಳು. ನಿದ್ರಾವೈದ್ಯರಾದ ಮೇಲೆ ಹಳೆಯ ವೃತ್ತಿಯನ್ನು ಪೂರ್ತಿ ಬಿಟ್ಟವರೂ ಉಂಟು, ಎರಡನ್ನೂ ಹಂಚಿಕೊಂಡು ನಡೆಸುವವರೂ ಉಂಟು. ಅವಳು ಎರಡನೆಯ ದಾರಿಯನ್ನು ಆರಿಸಿಕೊಂಡು ಜುಲೈ ತಿಂಗಳಲ್ಲಿ ಶಿಷ್ಯೆಯಾಗಿ ಸೇರಿದ್ದಾಳೆ.

ವಿದ್ಯೆ ಬೆಳೆದಂತೆ ಕವಲೊಡೆಯುವುದು ಸಹಜ. ಸಾಹಿತ್ಯದ ಅಧ್ಯಯನದಲ್ಲಿಯೂ ಹಾಗೆಯೇ; ಛಂದಸ್ಸಿನ ಪಂಡಿತನು ಕಾವ್ಯವನ್ನು ಮರೆಯದಿದ್ದರೆ ಅವನ ಪಾಂಡಿತ್ಯ ಸಾರ್ಥಕ. ರಾತ್ರಿಯ 960 ಪುಟಗಳನ್ನು ಓದಬಲ್ಲ ವೈದ್ಯರು ಬೇಕು. ಆ ಪುಟಗಳಲ್ಲಿ ಬರೆದಿರದ ಹಗಲನ್ನು, ಅಂದರೆ ಮಲಗಿದವನ ಸಂಸಾರ, ದುಡಿಮೆ, ಸಾಲಸೋಲಗಳನ್ನು ಬಲ್ಲವರೇ ಅವನ್ನು ಓದಿದರೆ ರೋಗಿಯ ಭಾಗ್ಯ ದೊಡ್ಡದು.