ಲ್ಯಾಬಿನ ಒಳಗಿರುವವರ ದಣಿವು

ಡೆಂಗಿ ಹಬ್ಬಿದಾಗ ನಮ್ಮ ಲ್ಯಾಬಿನ ಮುಂದಿನ ಸಾಲು ಹೊರಗಿನ ಮೆಟ್ಟಿಲು ಮುಟ್ಟುತ್ತದೆ. ಮಾಗಡಿ ಕಡೆಯಿಂದ ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸು ಹತ್ತಿ ಬಂದವರು, ಚನ್ನಪಟ್ಟಣದ ಬೊಂಬೆ ಕೆಲಸದವರು, ರಾಮನಗರದ ರೇಷ್ಮೆ ನೂಲು ತೆಗೆಯುವವರು. ‘ಅಕ್ಕಾ, ಮಗೂಗೆ ಪ್ಲೇಟ್‌ಲೆಟ್ ಎಷ್ಟಿದೆ, ಬೇಗ ಹೇಳಿ’ ಎನ್ನುವ ತಾಯಿಗೆ ಇದು ನಾನು ಇವತ್ತು ಚುಚ್ಚುತ್ತಿರುವ ಎಷ್ಟನೆಯ ಸೂಜಿ ಎಂದು ಗೊತ್ತಿರಬೇಕಿಲ್ಲ. ಡ್ಯೂಟಿ ಹಾಕುವವರಿಗೆ ಗೊತ್ತಿರಲೇಬೇಕು.

ಇಂಥ ದಣಿವು ಮಿತಿಮೀರಿದರೆ ಅದು ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕಾಯಿಲೆ ಎನ್ನಲಿಲ್ಲ. ಹತೋಟಿಗೆ ಬಾರದ ಕೆಲಸದ ಒತ್ತಡದ ಫಲ ಎಂದಿತು. ಶಕ್ತಿ ಬತ್ತುತ್ತದೆ, ಮನಸ್ಸು ಕೆಲಸದಿಂದ ದೂರ ಸರಿಯುತ್ತದೆ, ಮಾಡಿದ್ದೆಲ್ಲ ವ್ಯರ್ಥ ಅನ್ನಿಸುತ್ತದೆ. ನನಗೆ ಹೆಚ್ಚು ಭಯ ಎರಡನೆಯದರದು. ಟ್ಯೂಬಿನ ಮೇಲಿನ ಹೆಸರು ಬರೀ ನಂಬರಾಗಿ ಕಾಣತೊಡಗಿದರೆ ಒಬ್ಬರ ರಕ್ತ ಇನ್ನೊಬ್ಬರ ವರದಿಗೆ ಹೋಗಬಹುದು.

ಇದಕ್ಕೆ ಯೋಗ ಶಿಬಿರವೊಂದೇ ಸಾಲದು. ರಾತ್ರಿ ಪಾಳಿ ಮುಗಿಸಿದವರನ್ನು ಬೆಳಗಿನ ಸಾಲಿಗೆ ನಿಲ್ಲಿಸಬೇಡಿ. ಊಟದ ಹೊತ್ತಿಗೆ ಬದಲಿ ಕೈ ಕೊಡಿ. ರಕ್ತ ತೆಗೆಯುವವರೂ ಯಂತ್ರದ ಮುಂದೆ ಕೂರುವವರೂ ಆಗಾಗ ಜಾಗ ಬದಲಿಸಲಿ. ಕನಕಪುರದ ದೂರದ ಹಳ್ಳಿಗೆ ಮರಳುವವರಿಗೆ ಕೊನೆಯ ಬಸ್ಸು ತಪ್ಪದಿರಲಿ.

ಲ್ಯಾಬ್, ಫಿಸಿಯೊಥೆರಪಿ, ಡಯಾಲಿಸಿಸ್‌ನವರಾದ ನಮ್ಮನ್ನು ಕೇಂದ್ರದ 2021ರ ಕಾಯ್ದೆ ವೃತ್ತಿಪರರೆಂದು ಗುರುತಿಸಿದೆ. ಆ ಮಾನ್ಯತೆ ದೊಡ್ಡದು. ಪಾಳಿಪಟ್ಟಿಯಲ್ಲೂ ಅದು ಕಾಣಬೇಕು.

ನಿದ್ದೆ ಕೆಟ್ಟು, ಕೆಲಸಕ್ಕೆ ಹೊರಡಲು ಕಾಲೇ ಬಾರದ ಸಹೋದ್ಯೋಗಿಗಳೇ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.