ಅಮೆರಿಕದ ಕಾಲೇಜು ಫುಟ್‌ಬಾಲ್: ಪ್ರೇಕ್ಷಕರ ಅನುಕೂಲತೆಯ ಪ್ರಶ್ನೆ

ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿರುವ ಮಕ್ಕಳಿರುವ ಮನೆಗಳು ನಮ್ಮ ಕನ್ನಡಿಗರಲ್ಲಿ ಈಗ ಕಡಮೆಯೇನಲ್ಲ. ಆಗಸ್ಟ್ ತಿಂಗಳ ಕಡೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ಅವರಿಗೆ ಶನಿವಾರ ಫೋನು ಮಾಡಿದರೆ, "ಇವತ್ತು ಇಲ್ಲಿ ಗೇಮ್ ಇದೆ, ಊರೆಲ್ಲ ತುಂಬಿಹೋಗಿದೆ, ನಾಳೆ ಮಾತಾಡೋಣ" ಎಂಬ ಉತ್ತರ ಬರುವುದುಂಟು. ಕಾಲೇಜು ಹುಡುಗರ ಒಂದು ಆಟಕ್ಕೆ ಊರು ತುಂಬುವುದೆಂದರೇನು ಎಂದು ತಂದೆತಾಯಿಗಳಿಗೆ ಸೋಜಿಗ. ಅಷ್ಟೊಂದು ಜನರನ್ನು ಕೂರಿಸುವುದು, ಅವರಿಗೆ ನೀರು ನೆರಳು ಒದಗಿಸುವುದು, ಮರಳಿ ಮನೆಗೆ ಕಳಿಸುವುದು, ಮುಂದಿನ ಸಲವೂ ಬರುವಂತೆ ಮಾಡುವುದು ಅಲ್ಲಿ ಒಂದು ದೊಡ್ಡ ಸಮಸ್ಯೆಯೇ ಆಗಿದೆ. ಅದರ ವಿವರ ನಮ್ಮ ವಾಚಕರಿಗೂ ಸ್ವಾರಸ್ಯವಾಗಿ ಕಂಡೀತು.

ಮೊದಲು ಒಂದು ಮಾತು. ಅಲ್ಲಿಯವರು ಫುಟ್‌ಬಾಲ್ ಎನ್ನುವುದು ನಮ್ಮ ಮೋಹನ್ ಬಾಗಾನಿನವರು ಆಡುವ ಆಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದೋ, ಎಸೆದೋ, ಎದುರಾಳಿಗಳ ಸಾಲನ್ನು ಭೇದಿಸಿಕೊಂಡು ನೂರು ಗಜದ ಬಯಲಲ್ಲಿ ಮುಂದಕ್ಕೊಯ್ಯುವ ಆಟ ಅದು. ಒಂದೊಂದು ಪಕ್ಷಕ್ಕೆ ಹನ್ನೊಂದು ಜನ. ಹದಿನೈದು ನಿಮಿಷಗಳ ನಾಲ್ಕು ಭಾಗ. ಕಾಲಿಗೆ ಅಲ್ಲಿ ಅಪರೂಪಕ್ಕೆ ಕೆಲಸ. ಮೊದಲ ಕಾಲೇಜು ಪಂದ್ಯ ನಡೆದದ್ದು ೧೮೬೯ನೆಯ ನವೆಂಬರ್ ೬ರಂದು, ನ್ಯೂಜೆರ್ಸಿಯಲ್ಲಿ, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ. ಆ ದಿನ ನೋಡಬಂದವರು ಸುಮಾರು ನೂರು ಮಂದಿ. ಇಂದು ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ೧,೦೭,೬೦೧ ಜನಕ್ಕೆ ಸ್ಥಳವಿದೆ. ೧೯೨೭ರಲ್ಲಿ ತೆರೆದ ಈ ಅಂಗಣವಿರುವ ಆನ್ ಆರ್ಬರ್ ಊರಿನ ಜನಸಂಖ್ಯೆ ೨೦೨೦ರ ಗಣತಿಯಲ್ಲಿ ಒಂದು ಲಕ್ಷ ಇಪ್ಪತ್ತನಾಲ್ಕು ಸಾವಿರ ಮುಟ್ಟಿರಲಿಲ್ಲ. ಊರಿಗೆ ಊರೇ ಒಂದು ಬಟ್ಟಲಲ್ಲಿ ಕುಳಿತಂತೆ ಎಂದರೆ ಹೆಚ್ಚಾಗಲಾರದು. ಲಕ್ಷ ದಾಟುವ ಇಂಥ ಕಾಲೇಜು ಅಂಗಣಗಳು ಆ ದೇಶದಲ್ಲಿ ಎಂಟು ಎದ್ದಿವೆ.

ತಂಡವೊಂದು ವರ್ಷಕ್ಕೆ ಸಾಮಾನ್ಯವಾಗಿ ಹನ್ನೆರಡು ಪಂದ್ಯ ಆಡುತ್ತದೆ. ಅವುಗಳಲ್ಲಿ ಆರೋ ಏಳೋ ಎಂಟೋ ಸ್ವಂತ ಅಂಗಣದಲ್ಲಿ, ಎಂದರೆ ತವರಿನಲ್ಲಿ. ಈ ತವರಿನ ಪಂದ್ಯಗಳು ಅಲ್ಲಿಯ ಚಿಕ್ಕ ಊರುಗಳಿಗೆ ಜಾತ್ರೆಯಿದ್ದಂತೆ. ಹಳೆಯ ವಿದ್ಯಾರ್ಥಿಗಳು ನೂರಾರು ಮೈಲಿಗಳಿಂದ ಮೋಟಾರಿನಲ್ಲಿ ಬರುತ್ತಾರೆ. ನಮ್ಮ ಜಾತ್ರೆಗಳಲ್ಲಿ ಗಾಡಿಯ ನೊಗ ಬಿಚ್ಚಿ, ಮರದ ನೆರಳಲ್ಲಿ ಬುತ್ತಿ ಉಣ್ಣುವ ಹಾಗೆ, ಅವರು ಬೆಳಿಗ್ಗೆಯೇ ಮೋಟಾರಿನ ಹಿಂಬಾಗಿಲು ತೆರೆದು, ಒಲೆ ಹೂಡಿ, ಸುಟ್ಟು ಬೇಯಿಸಿ, ನೆರೆಯವರನ್ನು ಕರೆದು ಉಣ್ಣುತ್ತಾರೆ. ಹೋಟೆಲು, ಅಂಗಡಿ, ಬಾಡಿಗೆ ಕೋಣೆ ಇಟ್ಟವರಿಗೆ ಆ ಆರೇಳು ಶನಿವಾರಗಳ ಸಂಪಾದನೆ ಬಹಳ ದೊಡ್ಡದು. ಆದುದರಿಂದ ಪ್ರೇಕ್ಷಕ ಬಾರದೆ ಹೋದರೆ ನಷ್ಟ ಕಾಲೇಜಿಗೆ ಮಾತ್ರವಲ್ಲ.

ಪ್ರೇಕ್ಷಕ ಬಾರದೆ ಹೋದಾನು ಎಂಬ ಅಂಜಿಕೆ ಹೊಸದಲ್ಲ. ಟೆಲಿವಿಷನ್ ಮನೆಮನೆಗೆ ಬರತೊಡಗಿದಾಗಲೇ ಕಾಲೇಜುಗಳ ಕ್ರೀಡಾಸಂಸ್ಥೆ ಹೆದರಿ, ೧೯೫೧ರಿಂದ ಪ್ರಸಾರಕ್ಕೆ ಬಿಗಿಯಾದ ಮಿತಿ ಹಾಕಿತು. ಮನೆಯಲ್ಲೇ ಆಟ ಕಂಡರೆ ಟಿಕೀಟು ಕೊಳ್ಳುವವರು ಯಾರು ಎಂಬುದು ಅವರ ವಾದ. ಮೂರು ದಶಕಗಳಿಗೂ ಮೀರಿ ನಡೆದ ಈ ಕಟ್ಟನ್ನು ೧೯೮೪ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಏಳಕ್ಕೆ ಎರಡು ಮತಗಳಿಂದ ಮುರಿಯಿತು. ಅಂದಿನಿಂದ ಪಂದ್ಯಗಳ ಪ್ರಸಾರ ಹೊಳೆಯಂತೆ ಹರಿಯಿತು. ಆದರೂ ಜನ ಅಂಗಣಕ್ಕೆ ಬರುವುದು ನಿಲ್ಲಲಿಲ್ಲ. ೨೦೦೮ರ ತನಕ ಹೆಚ್ಚುತ್ತಲೇ ಹೋಯಿತು. ಅಲ್ಲಿಂದಾಚೆಗೆ ಇಳಿಮುಖ. ೨೦೧೮ರಲ್ಲಿ ಮೇಲ್ದರ್ಜೆಯ ತಂಡಗಳ ಪಂದ್ಯಕ್ಕೆ ಸರಾಸರಿ ಸೇರಿದವರು ನಲವತ್ತೆರಡು ಸಾವಿರದಷ್ಟು. ೧೯೯೬ರ ಈಚೆಗೆ ಅಷ್ಟು ಕಡಮೆ ಆಗಿರಲಿಲ್ಲ. ಅದೂ ಮಾರಿದ ಟಿಕೀಟಿನ ಲೆಕ್ಕ. ಬಾಗಿಲಲ್ಲಿ ತೋರಿಸಿದ ಟಿಕೀಟುಗಳನ್ನು ಎಣಿಸಿ ನೋಡಿದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ, ಪ್ರಕಟವಾದ ಸಂಖ್ಯೆಯ ನೂರಕ್ಕೆ ಸುಮಾರು ಎಪ್ಪತ್ತರಷ್ಟು ಜನ ಮಾತ್ರ ನಿಜವಾಗಿ ಒಳಗೆ ಬಂದಿದ್ದರೆಂದು ಅದೇ ವರ್ಷ ಬರೆಯಿತು. ದುಡ್ಡು ಕೊಟ್ಟೂ ಬಾರದವನನ್ನು ಏನು ಮಾಡುವುದು? ಇದೇ ಈ ಚರ್ಚೆಯ ತಿರುಳು.

ಅವನು ಏಕೆ ಬರುವುದಿಲ್ಲ ಎಂದು ಕೇಳಿದರೆ ಉತ್ತರಗಳು ತೀರ ಸಾದಾ ಆಗಿವೆ. ಬಿಸಿಲು, ಬಾಯಾರಿಕೆ, ಶೌಚಗೃಹದ ಮುಂದಿನ ಸಾಲು, ಒಂದೂವರೆ ಅಡಿ ಅಗಲದ ಬೆನ್ನಿಲ್ಲದ ಬೆಂಚು, ತಿಂಡಿಯ ಬೆಲೆ. ಇವುಗಳಲ್ಲಿ ನೀರಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ೨೦೦೭ರ ಸೆಪ್ಟೆಂಬರ್ ೧೫ರಂದು ಫ್ಲಾರಿಡಾದ ಒರ್ಲಾಂಡೊ ನಗರದಲ್ಲಿ, ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾನಿಲಯದವರು ನಲವತ್ತೈದು ಸಾವಿರ ಜನ ಹಿಡಿಸುವ ಹೊಸ ಅಂಗಣದಲ್ಲಿ ಮೊದಲ ಪಂದ್ಯ ಆಡಿಸಿದರು. ಕಟ್ಟಡ ಭವ್ಯ, ಆದರೆ ಅದರಲ್ಲಿ ಕುಡಿಯುವ ನೀರಿನ ಒಂದು ನಲ್ಲಿಯೂ ಇರಲಿಲ್ಲ! ನೀರು ಬೇಕಾದವರು ಬಾಟಲಿ ಕೊಳ್ಳಬೇಕಾಗಿತ್ತು. ಸುಡುಬಿಸಿಲಿನಲ್ಲಿ ಆ ಬಾಟಲಿಗಳೂ ಮುಗಿದುಹೋದುವು. ಬಿಸಿಲಿನ ಬೇಗೆಗೆ ಹದಿನೆಂಟು ಮಂದಿ ಆಸ್ಪತ್ರೆ ಸೇರಿದರು. ಇನ್ನೂ ಹತ್ತಾರು ಮಂದಿಗೆ ಅಲ್ಲಿಯೇ ಶುಶ್ರೂಷೆ ನಡೆಯಿತು. ಗದ್ದಲವಾದ ಮೇಲೆ ವಿಶ್ವವಿದ್ಯಾನಿಲಯದವರು ಎಚ್ಚೆತ್ತು, ನಲ್ಲಿಗಳನ್ನು ಹಾಕಿಸಿದರು. ಬೇಸಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುವುದನ್ನು ಕಂಡು ಬೆಳೆದ ನಮಗೆ, ಕೋಟಿಗಟ್ಟಲೆ ಡಾಲರು ಸುರಿದು ಕಟ್ಟಿದವರಿಗೆ ಇದು ಹೊಳೆಯಲಿಲ್ಲವೇ ಎನಿಸುತ್ತದೆ. ಹೊಳೆಯದೆ ಏನು? ನಲ್ಲಿಯ ನೀರಿನಿಂದ ಲಾಭವಿಲ್ಲ, ಅಷ್ಟೆ.

ಬೆಲೆಯ ವಿಷಯದಲ್ಲಿ ಒಂದು ಪ್ರಯೋಗ ಎಲ್ಲರ ಕಣ್ಣು ತೆರೆಸಿತು. ಅಟ್ಲಾಂಟಾ ನಗರದಲ್ಲಿ ವೃತ್ತಿಪರ ತಂಡವೊಂದರ ಹೊಸ ಅಂಗಣ ೨೦೧೭ರಲ್ಲಿ ತೆರೆಯಿತು. ಕಾಲೇಜುಗಳ ದೊಡ್ಡ ಪಂದ್ಯಗಳೂ ಅಲ್ಲಿ ನಡೆಯುತ್ತವೆ. ಅದರ ಒಡೆಯರು ತಿಂಡಿ ಪಾನೀಯಗಳ ಬೆಲೆಯನ್ನು ಹಳೆಯ ಅಂಗಣದಲ್ಲಿದ್ದುದರ ಅರ್ಧಕ್ಕೆ ಇಳಿಸಿದರು. ಹಾಟ್‌ಡಾಗ್ ಎರಡು ಡಾಲರು. ಸೋಡಾ ಎರಡು ಡಾಲರು, ಅದೂ ಎಷ್ಟು ಸಲ ಬೇಕಾದರೂ ತುಂಬಿಕೊಳ್ಳಬಹುದು. ನಷ್ಟವಾದೀತೆಂದು ತಲೆಯಾಡಿಸಿದವರು ಬಹಳ. ಮೊದಲ ವರ್ಷದ ಲೆಕ್ಕ ಬಂದಾಗ ತಲಾ ಒಬ್ಬ ಪ್ರೇಕ್ಷಕನ ಖರ್ಚು ನೂರಕ್ಕೆ ಹದಿನಾರರಷ್ಟು ಏರಿತ್ತು. ಅಗ್ಗವಾದ ಕಾರಣ ಜನ ಬೇಗ ಬಂದರು, ಒಳಗೇ ಉಂಡರು. ಇದನ್ನು ಕಂಡ ಮೇಲೆ ಹಲವು ಕಾಲೇಜುಗಳೂ ದರ ಇಳಿಸಿದುವು.

ಬಿಯರಿನ ವಿಷಯ ನಮಗೆ ಅಷ್ಟು ರುಚಿಸದಿದ್ದರೂ ಅದರಲ್ಲೊಂದು ವಿಚಿತ್ರ ತರ್ಕವಿದೆ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯದ ಅಂಗಣದಲ್ಲಿ ಹಿಂದೆ ವಿರಾಮದ ವೇಳೆಗೆ ಜನ ಹೊರಗೆ ಹೋಗಿ, ಮೋಟಾರುಗಳ ಬಳಿ ಕುಡಿದು, ಮತ್ತೆ ಒಳಗೆ ಬರಬಹುದಾಗಿತ್ತು. ೨೦೧೧ರಲ್ಲಿ ಅವರು ಒಳಗೇ ಬಿಯರ್ ಮಾರತೊಡಗಿ, ಹೊರಗೆ ಹೋದವರಿಗೆ ಮರುಪ್ರವೇಶ ನಿಲ್ಲಿಸಿದರು. ಪೋಲೀಸರು ಹಿಡಿಯಬೇಕಾದ ಪ್ರಸಂಗಗಳು ಹೆಚ್ಚಲಿಲ್ಲ, ಇಳಿದುವು. ದಕ್ಷಿಣ ರಾಜ್ಯಗಳ ಕಾಲೇಜು ಕೂಟ ಸಾರ್ವಜನಿಕ ಆಸನಗಳಲ್ಲಿ ಮದ್ಯ ಮಾರಬಾರದೆಂಬ ತನ್ನ ನಿಷೇಧವನ್ನು ೨೦೧೯ರಲ್ಲಿ ತೆಗೆದು, ಆಯ್ಕೆಯನ್ನು ಆಯಾ ಕಾಲೇಜಿಗೇ ಬಿಟ್ಟಿತು. ಆದಾಯದ ಆಸೆಯೂ ಇದರ ಹಿಂದೆ ಇತ್ತೆನ್ನಲು ಪಂಚಾಂಗ ನೋಡಬೇಕಾಗಿಲ್ಲ.

ವಿದ್ಯಾರ್ಥಿಗಳದು ಬೇರೆಯೇ ಪ್ರಕರಣ. ಅವರ ಕೂಗು, ಹಾಡು, ಕುಣಿತ ಇಲ್ಲದಿದ್ದರೆ ಕಾಲೇಜು ಆಟಕ್ಕೆ ಕಳೆಯೇ ಇಲ್ಲ. ಇವರ ಬಗೆಗೆ ಆಡಳಿತದವರು ನಡೆದುಕೊಂಡ ರೀತಿ ಎಲ್ಲ ಕಡೆಯೂ ವಿವೇಕದ್ದಾಗಿರಲಿಲ್ಲ. ಮಿಷಿಗನ್ನಿನಲ್ಲಿ ೨೦೧೩ರಲ್ಲಿ ವಿದ್ಯಾರ್ಥಿಗಳಿಗೆ ಗೊತ್ತಾದ ಆಸನ ತಪ್ಪಿಸಿ, ಮೊದಲು ಬಂದವರಿಗೆ ಮೊದಲ ಸ್ಥಳ ಎಂಬ ನಿಯಮ ತಂದರು. ಗೆಳೆಯರು ಒಟ್ಟಿಗೆ ಕೂರುವುದೇ ಕಷ್ಟವಾಯಿತು. ಜತೆಗೆ ವರ್ಷದ ಟಿಕೀಟಿನ ಬೆಲೆ ೨೮೦ ಡಾಲರಿನ ಮಟ್ಟದಲ್ಲಿತ್ತು, ತಂಡವೂ ಸೋಲತೊಡಗಿತ್ತು. ೨೦೧೪ರಲ್ಲಿ ಎರಡು ಬಾಟಲಿ ಕೋಕಾಕೋಲಾ ಕೊಂಡವರಿಗೆ ಎರಡು ಟಿಕೀಟು ಎಂಬ ಪ್ರಕಟಣೆ ಹೊರಟಾಗ, ದುಡ್ಡು ತೆತ್ತು ಕೊಂಡಿದ್ದವರ ಸಿಟ್ಟು ಮೇರೆ ಮೀರಿತು. ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ಕ್ರೀಡಾವಿಭಾಗದ ಮುಖ್ಯಸ್ಥರು ಅಕ್ಟೋಬರ್ ೩೧ರಂದು ರಾಜೀನಾಮೆಯಿತ್ತರು. ಮರುವರ್ಷಕ್ಕೆ ವಿದ್ಯಾರ್ಥಿಗಳ ಟಿಕೀಟು ೧೭೫ ಡಾಲರಿಗೆ ಇಳಿಯಿತು.

ಅಲಬಾಮಾದಲ್ಲಿ ತೊಂದರೆ ಇದಕ್ಕೆ ತಿರುಗುಮುರುಗು. ಅಲ್ಲಿಯ ತಂಡ ಗೆದ್ದೂ ಗೆದ್ದೂ ಪ್ರೇಕ್ಷಕರಿಗೆ ಬೇಸರ ತರಿಸಿತ್ತು! ಅರ್ಧ ಆಟಕ್ಕೇ ಗೆಲುವು ಖಚಿತವಾಗುತ್ತಲೆ ವಿದ್ಯಾರ್ಥಿಗಳು ಎದ್ದು ನಡೆಯುತ್ತಿದ್ದರು. ಆಗಿನ ಶಿಕ್ಷಕ ನಿಕ್ ಸೇಬನ್ ೨೦೧೩ರಲ್ಲಿ ಬಹಿರಂಗವಾಗಿಯೇ ಇದನ್ನು ಆಕ್ಷೇಪಿಸಿದರು. ೨೦೧೯ರಲ್ಲಿ ವಿಶ್ವವಿದ್ಯಾನಿಲಯದವರು ವಿದ್ಯಾರ್ಥಿಗಳ ಫೋನಿಗೆ ಒಂದು ಆ್ಯಪ್ ಕೊಟ್ಟರು. ವಿದ್ಯಾರ್ಥಿ ಅಂಗಣದಲ್ಲಿದ್ದಾನೋ ಇಲ್ಲವೋ ಅದು ಪತ್ತೆ ಹಚ್ಚುತ್ತದೆ. ಬಂದರೆ ನೂರು ಅಂಕ. ನಾಲ್ಕನೆಯ ಭಾಗದ ತನಕ ಉಳಿದರೆ ಇನ್ನೂ ಇನ್ನೂರೈವತ್ತು. ಅಂಕ ಹೆಚ್ಚಿದ್ದವರಿಗೆ ಋತುವಿನ ಕೊನೆಯ ದೊಡ್ಡ ಪಂದ್ಯಗಳ ಟಿಕೀಟಿನಲ್ಲಿ ಮುಂಗಡ ಸ್ಥಾನ. ತರಗತಿಯಲ್ಲಿ ಹಾಜರಿ ಹಾಕಿದ್ದು ಸಾಲದೆಂದು ಆಟದಲ್ಲೂ ಹಾಜರಿ! ಹುಡುಗರು ಎಲ್ಲಿ ಓಡಾಡುತ್ತಾರೆಂಬುದನ್ನು ವಿಶ್ವವಿದ್ಯಾನಿಲಯ ಗಮನಿಸುವುದು ಸಲ್ಲದೆಂದು ಹಲವರು ಟೀಕಿಸಿದರು. ಟೀಕೆ ನ್ಯಾಯವಾದದ್ದೇ ಎಂದು ನಮಗೆ ತೋರುತ್ತದೆ.

ಜನರನ್ನು ಉಳಿಸಲು ಯಂತ್ರವೇ ಬೇಕೆಂದೇನೂ ಇಲ್ಲ. ಅಯೋವಾ ವಿಶ್ವವಿದ್ಯಾನಿಲಯದ ಅಂಗಣಕ್ಕೆ ತಾಗಿದಂತೆ ೨೦೧೭ರಲ್ಲಿ ಮಕ್ಕಳ ಆಸ್ಪತ್ರೆಯ ಹೊಸ ಕಟ್ಟಡ ತೆರೆಯಿತು. ಅದರ ಮೇಲಂತಸ್ತಿನ ಕಿಟಕಿಗಳಿಂದ ಆಟ ಕಾಣುತ್ತದೆ. ಅಭಿಮಾನಿಯೊಬ್ಬರ ಸಲಹೆಯ ಮೇರೆಗೆ ಆ ವರ್ಷದಿಂದ, ಆಟದ ಮೊದಲನೆಯ ಭಾಗ ಮುಗಿದೊಡನೆ, ಸುಮಾರು ಎಪ್ಪತ್ತು ಸಾವಿರ ಜನ ಎದ್ದು ಆಸ್ಪತ್ರೆಯ ಕಡೆಗೆ ತಿರುಗಿ ಕೈ ಬೀಸುತ್ತಾರೆ. ಆಟಗಾರರು, ಎದುರು ತಂಡದವರು, ತೀರ್ಪುಗಾರರು ಎಲ್ಲರೂ ಬೀಸುತ್ತಾರೆ. ಮೇಲೆ ಗಾಜಿನ ಹಿಂದೆ ಕಾಯಿಲೆಯ ಮಕ್ಕಳು ಕೈ ಬೀಸಿ ಉತ್ತರ ಕೊಡುತ್ತಾರೆ. ಇದಕ್ಕೆ ಒಂದು ಡಾಲರಿನ ಖರ್ಚೂ ಇಲ್ಲ. ಮನೆಯ ಟೆಲಿವಿಷನ್ನಿನ ಮುಂದೆ ಕುಳಿತವನಿಗೆ ಅದು ಕಂಡೀತು, ಅದರಲ್ಲಿ ಅವನ ಪಾಲು ಇರುವುದಿಲ್ಲ.

ಉತ್ಸಾಹಕ್ಕೆ ಅಪಾಯದ ಮುಖವೂ ಉಂಟು. ೧೯೯೩ರ ಅಕ್ಟೋಬರ್ ೩೦ರಂದು ವಿಸ್ಕಾನ್ಸಿನ್ ತಂಡ ಮಿಷಿಗನ್ನನ್ನು ಸೋಲಿಸಿದಾಗ ವಿದ್ಯಾರ್ಥಿಗಳು ಬಯಲಿಗೆ ನುಗ್ಗಿದರು. ಮುಂದಿನವರು ಕಂಬಿಬೇಲಿಗೆ ಸಿಕ್ಕಿ ನುಗ್ಗಾದರು. ಹಿಂದಿನವರಿಗೆ ಅದು ತಿಳಿಯಲೇ ಇಲ್ಲ. ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಪೆಟ್ಟು ಬಿದ್ದಿತು, ಕೆಲವರದು ಪ್ರಾಣಾಂತಿಕ ಸ್ಥಿತಿ; ಪುಣ್ಯವಶಾತ್ ಯಾರೂ ಸಾಯಲಿಲ್ಲ. ಬೆಂಗಳೂರಿನ ಚಿನ್ನಸ್ವಾಮಿ ಅಂಗಣದ ಹೊರಗೆ ೨೦೨೫ರ ಜೂನ್ ೪ರಂದು ಹನ್ನೊಂದು ಜೀವಗಳನ್ನು ಕಳೆದುಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಕೆಲವು ಕಾಲೇಜು ಕೂಟಗಳು ಬಯಲಿಗೆ ನುಗ್ಗಲು ಬಿಟ್ಟ ಕಾಲೇಜಿಗೆ ಈಗ ಲಕ್ಷಗಟ್ಟಲೆ ಡಾಲರು ದಂಡ ಹಾಕುತ್ತವೆ. ಬೇಲಿಯಲ್ಲಿ ಸುಲಭವಾಗಿ ತೆರೆಯುವ ಬಾಗಿಲಿಡುವುದು, ಕಾವಲಿನವರಿಗೆ ಮೊದಲೇ ತರಬೇತು ಕೊಡುವುದು ದಂಡಕ್ಕಿಂತ ಹೆಚ್ಚು ಕೆಲಸ ಮಾಡೀತು.

ಇನ್ನುಳಿದದ್ದು ಹೊತ್ತಿನ ಪ್ರಶ್ನೆ. ಅರುವತ್ತು ನಿಮಿಷದ ಆಟ ಮುಗಿಯಲು ಮೂರೂವರೆ ಗಂಟೆಯ ಹತ್ತಿರ ಹಿಡಿಯುತ್ತದೆ. ಟೆಲಿವಿಷನ್ನಿನಲ್ಲಿ ಜಾಹೀರಾತು ಮುಗಿಯುವ ತನಕ ಆಟಗಾರರು ಬಯಲಲ್ಲಿ ಸುಮ್ಮನೆ ನಿಂತಿರುತ್ತಾರೆ. ಮನೆಯಲ್ಲಿರುವವನು ಆ ಹೊತ್ತಿಗೆ ಎದ್ದು ಕಾಫಿ ಕಾಸಿಕೊಳ್ಳಬಹುದು. ಅಂಗಣದಲ್ಲಿರುವವನು ಬಿಸಿಲನ್ನೋ ಹಿಮವನ್ನೋ ಸಹಿಸುತ್ತ ಕೂರಬೇಕು. ಪಂದ್ಯ ಮಧ್ಯಾಹ್ನವೋ ರಾತ್ರಿಯೋ ಎಂಬುದನ್ನು ಗೊತ್ತುಮಾಡುವವರೂ ಟೆಲಿವಿಷನ್ನಿನವರೇ. ಹಲವು ಪಂದ್ಯಗಳ ವೇಳೆ ಹನ್ನೆರಡು ದಿನ ಮೊದಲು, ಕೆಲವು ಸಲ ಆರೇ ದಿನ ಮೊದಲು ತಿಳಿಯುತ್ತದೆ. ಮುನ್ನೂರು ಮೈಲಿ ದೂರದಿಂದ ಮಕ್ಕಳೊಡನೆ ಬರುವ ಸಂಸಾರಸ್ಥ ಕೋಣೆ ಕಾದಿರಿಸುವುದು ಹೇಗೆ? ೨೦೨೩ರಲ್ಲಿ ನಿಯಮ ತಿದ್ದಿ, ಮುನ್ನಡೆ ಸಿಕ್ಕಾಗಲೆಲ್ಲ ಗಡಿಯಾರ ನಿಲ್ಲಿಸುವ ಪದ್ಧತಿಯನ್ನು ಪ್ರತಿ ಅರ್ಧದ ಕೊನೆಯ ಎರಡು ನಿಮಿಷಕ್ಕೆ ಮಾತ್ರ ಉಳಿಸಿದರು. ಕೆಲವು ನಿಮಿಷ ಉಳಿದುವು. ಮರುವರ್ಷವೇ ಅದೇ ಎರಡು ನಿಮಿಷದ ಮೊದಲು ಹೊಸದೊಂದು ನಿಲುಗಡೆಯನ್ನು ಸೇರಿಸಿದರು. ಜಾಹೀರಾತಿಗೆ ಅದೂ ಒದಗಿತು.

೨೦೨೫ರ ಜುಲೈ ೧ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು ಎರಡು ಕೋಟಿ ಐದು ಲಕ್ಷ ಡಾಲರು. ಮೈಮುರಿದು ಆಡುವ ಹುಡುಗರಿಗೆ ಅದು ಸಲ್ಲಬೇಕಾದದ್ದೇ. ಆದರೆ ಆ ಹಣವನ್ನು ಎಲ್ಲಿಂದಾದರೂ ತರಬೇಕಷ್ಟೆ. ಹಲವು ಅಂಗಣಗಳಲ್ಲಿ ಈಗ ಹಳೆಯ ಬೆಂಚುಗಳನ್ನು ಕಿತ್ತು, ಬೆನ್ನೊರಗುವ ಕುರ್ಚಿಗಳನ್ನೂ ಸಿರಿವಂತರ ಕೋಣೆಗಳನ್ನೂ ಹೂಡುತ್ತಿದ್ದಾರೆ. ೨೦೨೦ರ ನವೀಕರಣದಲ್ಲಿ ಅಲಬಾಮಾದ ಅಂಗಣ ೧,೦೧,೮೨೧ರಿಂದ ೧,೦೦,೦೭೭ ಸ್ಥಾನಗಳಿಗೆ ಇಳಿದದ್ದು ಹೀಗೆಯೇ. ಕುರ್ಚಿ ಮೆತ್ತಗಾಯಿತು, ಟಿಕೀಟು ಬಿಗಿಯಾಯಿತು. ಆ ಸಾವಿರದ ಏಳುನೂರು ಬೆಂಚಿನ ಜಾಗಗಳಲ್ಲಿ ಮೊದಲು ಕೂರುತ್ತಿದ್ದವರು ಬಹುಶಃ ಈಗ ಮನೆಯಲ್ಲೇ ಕುಳಿತು ಆಟ ನೋಡುತ್ತಾರೆ.