ಪ್ರಸಾರಕೇಂದ್ರದಲ್ಲಿ ಟ್ರಾನ್ಸಿಸ್ಟರು

ಟ್ರಾನ್ಸಿಸ್ಟರು ಎಂದೊಡನೆ ನಮ್ಮ ನಾಡಿನ ಹಿರಿಯರಿಗೆ ನೆನಪಾಗುವುದು ಕೈಯಲ್ಲಿ ಹಿಡಿದು ಓಡಾಡಬಹುದಾದ ಪುಟ್ಟ ರೇಡಿಯೋ. ಹೊಲದ ಬದುವಿನ ಮೇಲೋ ಅಂಗಡಿಯ ಗಲ್ಲೆಯ ಪಕ್ಕದಲ್ಲೋ ಅದನ್ನಿಟ್ಟುಕೊಂಡು ವಾರ್ತೆ ಕೇಳುತ್ತಿದ್ದವರು ಅದನ್ನು ರೇಡಿಯೋ ಎಂದು ಕರೆದುದು ಕಡಮೆ, ಟ್ರಾನ್ಸಿಸ್ಟರು ಎಂದು ಕರೆದುದೇ ಹೆಚ್ಚು. ಒಳಗಿನ ಒಂದು ಚಿಕ್ಕ ಅಂಗದ ಹೆಸರು ಇಡೀ ಯಂತ್ರಕ್ಕೆ ಸಂದಿತು.

ಈ ಅಂಗವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1947ರ ಡಿಸೆಂಬರಿನಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಎಂಬ ವಿಜ್ಞಾನಿಗಳು ಸಿದ್ಧಪಡಿಸಿದರು. ಅವರಿಗೂ ಅವರ ಸಹೋದ್ಯೋಗಿ ಷಾಕ್ಲಿಗೂ 1956ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಷ್ಟರೊಳಗೇ, 1954ರಲ್ಲಿ, ಟ್ರಾನ್ಸಿಸ್ಟರನ್ನು ಅಳವಡಿಸಿದ ಜೇಬು ರೇಡಿಯೋ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು. ಹೀಗೆ ಕೇಳುವವರ ಮನೆಯನ್ನು ಏಳು ವರ್ಷಗಳಲ್ಲಿಯೇ ಹೊಕ್ಕ ಟ್ರಾನ್ಸಿಸ್ಟರು, ಹೇಳುವವರ ಮನೆಯನ್ನು, ಎಂದರೆ ಪ್ರಸಾರಕೇಂದ್ರದ ದೊಡ್ಡ ಪ್ರೇಷಕ ಯಂತ್ರವನ್ನು, ಹೊಕ್ಕು ನೆಲೆಸಲು ಇನ್ನೂ ಕೆಲವು ದಶಕಗಳೇ ಬೇಕಾದುವು. ಇಷ್ಟು ತಡವೇಕೆ? ಅಡ್ಡಿಯಾಗಿದ್ದುದು ಯಾವುದು? ಅದನ್ನು ದಾಟಿದ ಬಗೆ ಹೇಗೆ? ಈ ಲೇಖನದಲ್ಲಿ ನಾವು ಇದನ್ನೇ ವಿಚಾರಿಸೋಣ.

ಪ್ರೇಷಕದ ಕೆಲಸ

ಬೆಂಗಳೂರಿನ ಎಫ್. ಎಂ. ರೇನ್‌ಬೋ ವಾಹಿನಿಯ ಆವೃತ್ತಿ 101.3 ಮೆಗಾಹರ್ಟ್ಸ್. ಎಂದರೆ ಅದರ ಏರಿಯಲ್ಲಿನಲ್ಲಿ ವಿದ್ಯುತ್ಪ್ರವಾಹವು ಸೆಕೆಂಡಿಗೆ 10 ಕೋಟಿ 13 ಲಕ್ಷ ಸಲ ಹಿಂದುಮುಂದಾಗಿ ತುಯ್ಯುತ್ತದೆ. ಇಂಥ ಆಂದೋಲನವನ್ನು ಹುಟ್ಟಿಸುವುದು ಕಷ್ಟವಲ್ಲ. ಅದಕ್ಕೆ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಮಂಡಲ ಸಾಕು. ಆದರೆ ಹುಟ್ಟುವಾಗ ಅದರ ಶಕ್ತಿ ತೀರ ಅಲ್ಪ. ಅದನ್ನು ಸಾವಿರಾರು ವ್ಯಾಟ್‌ಗಳವರೆಗೆ ಹಿಗ್ಗಿಸಿದರೆ ಮಾತ್ರ ದೂರದ ಊರುಗಳನ್ನು ಮುಟ್ಟೀತು. ಹೀಗೆ ಹಿಗ್ಗಿಸುವ ಭಾಗಕ್ಕೆ ವರ್ಧಕವೆಂದು ಹೆಸರು.

ವರ್ಧಕವು ಶಕ್ತಿಯನ್ನು ಶೂನ್ಯದಿಂದ ಸೃಷ್ಟಿಸುವುದಿಲ್ಲ. ಕೆರೆಯ ತೂಬನ್ನು ನೆನೆಯಿರಿ. ಒಬ್ಬ ಮನುಷ್ಯ ತೂಬನ್ನು ಎತ್ತಿ ಇಳಿಸಲು ವ್ಯಯಿಸುವ ಬಲ ಕೊಂಚ. ಅದರಿಂದ ಹತೋಟಿಗೆ ಬರುವ ನೀರಿನ ಬಲ ಬಹಳ. ನೀರು ಕೆರೆಯದೇ ಹೊರತು ತೂಬೆತ್ತುವವನದಲ್ಲ. ವರ್ಧಕದಲ್ಲಿಯೂ ಶಕ್ತಿ ಬರುವುದು ವಿದ್ಯುತ್ ಸರಬರಾಜಿನಿಂದ. ದುರ್ಬಲವಾದ ಸಂಕೇತವು ಆ ಪ್ರವಾಹದ ತೂಬನ್ನು ಎತ್ತಿ ಇಳಿಸುತ್ತದೆ, ಅಷ್ಟೆ. ಆದರೆ ಇಲ್ಲಿ ತೂಬು ಸೆಕೆಂಡಿಗೆ ಹತ್ತು ಕೋಟಿ ಸಲ ಏರಿಳಿಯಬೇಕು!

ನಿರ್ವಾತ ನಳಿಗೆಯ ಕಾಲ

ಮೊದಲು ಈ ತೂಬಿನ ಕೆಲಸವನ್ನು ಮಾಡಿದುದು ವಾಲ್ವು, ಅಥವಾ ನಿರ್ವಾತ ನಳಿಗೆ. ಕಾದ ತಂತಿಯಿಂದ ಹೊರಬೀಳುವ ಎಲೆಕ್ಟ್ರಾನುಗಳು ನಿರ್ವಾತದಲ್ಲಿ ಹಾಯ್ದು ಎದುರಿನ ಲೋಹಫಲಕವನ್ನು ಸೇರುತ್ತವೆ. ಇವೆರಡರ ನಡುವೆ ಒಂದು ಜಾಲರಿಯನ್ನಿಟ್ಟು ಎಲೆಕ್ಟ್ರಾನುಗಳ ಹರಿವನ್ನು ಹತೋಟಿಗೆ ತಂದವನು ಅಮೆರಿಕದ ಲೀ ಡಿ ಫಾರೆಸ್ಟ್, ವರ್ಷ 1906. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಬಾನುಲಿ ಕೇಂದ್ರ ಮಾತನಾಡಿದುದೂ ವಾಲ್ವುಗಳ ಬಲದಿಂದಲೇ. 1954ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೋ ಗ್ರಾಹಕಗಳ ವಾಲ್ವುಗಳನ್ನೂ, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ, 1964ರಲ್ಲಿ ಆಕಾಶವಾಣಿಗಾಗಿ ಪ್ರೇಷಕಗಳನ್ನೂ ತಯಾರಿಸತೊಡಗಿತು.

ವಾಲ್ವಿನ ಗುಣ ದೊಡ್ಡದು. ಹತ್ತು ಸಾವಿರ ವೋಲ್ಟ್‌ಗಳ ಒತ್ತಡವನ್ನು ಅದು ತಾಳಬಲ್ಲುದು. ಬಿಸಿಯಾಗುವ ಫಲಕವು ದಪ್ಪನಾದ ಲೋಹವಾದುದರಿಂದ ಗಾಳಿಯನ್ನೋ ನೀರನ್ನೋ ಹಾಯಿಸಿ ತಣಿಸಬಹುದು. ಆದರೆ ದೋಷಗಳೂ ಇವೆ. ತಂತಿಯನ್ನು ಕಾಯಿಸುವುದಕ್ಕೇ ಸದಾ ವಿದ್ಯುತ್ತನ್ನು ವ್ಯಯಿಸಬೇಕು. ಕಾಲಕ್ರಮದಲ್ಲಿ ಆ ತಂತಿ ಸವೆದು ವಾಲ್ವು ಸಾಯುತ್ತದೆ. ಕೊನೆಯ ಹಂತದಲ್ಲಿ ಒಂದೇ ವಾಲ್ವಿದ್ದು ಅದು ಕೆಟ್ಟರೆ ಕೇಂದ್ರವೇ ಮೂಕವಾಗುತ್ತದೆ. ಇದಲ್ಲದೆ, ಯಂತ್ರದೊಳಗಿನ ಆ ಹತ್ತು ಸಾವಿರ ವೋಲ್ಟ್ ಅಜಾಗರೂಕನಾದ ಕೆಲಸಗಾರನ ಪ್ರಾಣವನ್ನು ತೆಗೆಯಬಲ್ಲುದು.

ಮೂರು ಅಡ್ಡಿಗಳು

ಟ್ರಾನ್ಸಿಸ್ಟರಿಗೆ ಕಾಯುವ ತಂತಿಯೂ ಬೇಡ, ಸಾವಿರಾರು ವೋಲ್ಟ್‌ಗಳೂ ಬೇಡ. ಹಾಗಿದ್ದರೂ ಅದಕ್ಕೆ ಎದುರಾದ ಅಡ್ಡಿಗಳು ಮೂರು: ವೇಗ, ಪ್ರವಾಹ ಮತ್ತು ಶಾಖ.

ಮೊದಲನೆಯದು ವೇಗ. ಸಿಲಿಕಾನ್ ಹರಳಿನೊಳಗೆ ಎಲೆಕ್ಟ್ರಾನು ಪರಮಾಣುಗಳ ನಡುವೆ ನುಸುಳಿಕೊಂಡು ಹೋಗಬೇಕು. ಎಷ್ಟು ಒತ್ತಿದರೂ ಸೆಕೆಂಡಿಗೆ ಸುಮಾರು ಒಂದು ಲಕ್ಷ ಮೀಟರಿಗಿಂತ ಹೆಚ್ಚಾಗಿ ಅದು ಓಡದು. ನೂರು ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಒಂದು ಆವರ್ತಕ್ಕೆ ದೊರೆಯುವ ಕಾಲ ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲಿ ಎಲೆಕ್ಟ್ರಾನು ನಡೆಯುವುದು ಒಂದೇ ಮಿಲಿಮೀಟರು. ತೂಬು ಸರಿಯಾಗಿ ಏರಿಳಿಯಬೇಕಾದರೆ ಎಲೆಕ್ಟ್ರಾನು ಆವರ್ತದ ಅತ್ಯಲ್ಪ ಭಾಗದಲ್ಲಿಯೇ ಅದನ್ನು ದಾಟಿರಬೇಕಷ್ಟೆ. ಆದುದರಿಂದ ತೂಬಿನ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟು, ಎಂದರೆ ಒಂದು ಮೈಕ್ರಾನಿನ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಆದರೆ ಇಲ್ಲೊಂದು ತೊಡಕು. ಒಂದು ಮೈಕ್ರಾನು ದಪ್ಪದ ಸಿಲಿಕಾನ್ ಪದರವು ಸುಮಾರು ಮೂವತ್ತು ವೋಲ್ಟ್‌ಗಳಿಗೇ ಒಡೆದು ಹರಿಯಬಿಡುತ್ತದೆ. ತೆಳುವಾದರೆ ವೇಗವುಂಟು, ತಾಳಿಕೆಯಿಲ್ಲ. ದಪ್ಪವಾದರೆ ತಾಳಿಕೆಯುಂಟು, ವೇಗವಿಲ್ಲ.

ಎರಡನೆಯದು ಪ್ರವಾಹ. ವೋಲ್ಟೇಜು ಕಡಮೆಯಾದರೆ ಅಷ್ಟೇ ಶಕ್ತಿಗೆ ಪ್ರವಾಹ ಹೆಚ್ಚಬೇಕು. 50 ವೋಲ್ಟ್ ಸರಬರಾಜಿನಿಂದ 1000 ವ್ಯಾಟ್ ಪಡೆಯಬೇಕೆನ್ನಿ. ಆಂದೋಲನದ ಶಿಖರದಲ್ಲಿ 40 ಆಂಪಿಯರ್ ಪ್ರವಾಹ ಹರಿಯಬೇಕಾಗುತ್ತದೆ. ಟ್ರಾನ್ಸಿಸ್ಟರು ಕಾಣಬೇಕಾದ ರೋಧ 50ನ್ನು 40ರಿಂದ ಭಾಗಿಸಿದಷ್ಟು, ಎಂದರೆ ಕೇವಲ ಒಂದೂಕಾಲು ಓಮ್. ಏರಿಯಲ್ಲಿಗೆ ಹೋಗುವ ಕೇಬಲ್ಲಿನದಾದರೋ 50 ಓಮ್. ಇವೆರಡಕ್ಕೂ ಹೊಂದಾಣಿಕೆ ಮಾಡಿಸಲು ವಿಶೇಷ ಪರಿವರ್ತಕಗಳು ಬೇಕು. ಅಷ್ಟೇ ಅಲ್ಲ, ಈ ಆವೃತ್ತಿಯಲ್ಲಿ ಒಂದು ಮಿಲಿಮೀಟರಿನಷ್ಟು ಸಣ್ಣ ತಂತಿಯ ತುಂಡೂ ಸುಮಾರು ಅರ್ಧ ಓಮಿನಷ್ಟು ತಡೆಯೊಡ್ಡುತ್ತದೆ! ದೊಡ್ಡ ಟ್ರಾನ್ಸಿಸ್ಟರಿನ ಕಾಲುಗಳು ತಂತಿಯಂತಿರದೆ ಅಗಲವಾದ ಪಟ್ಟಿಗಳಂತಿರುವುದು ಈ ಕಾರಣದಿಂದ.

ಮೂರನೆಯದು ಶಾಖ, ಮೂರರಲ್ಲಿಯೂ ಇದೇ ಕಠಿನವಾದುದು. ಸರಬರಾಜಿನಿಂದ ಪಡೆದ ಶಕ್ತಿಯಲ್ಲಿ ಮುಕ್ಕಾಲು ಪಾಲನ್ನು ಏರಿಯಲ್ಲಿಗೆ ಕಳುಹಿಸುವ ಒಳ್ಳೆಯ ವರ್ಧಕವನ್ನೇ ತೆಗೆದುಕೊಳ್ಳೋಣ. 1000 ವ್ಯಾಟ್ ಹೊರಗೆ ಬಂದರೆ ಸುಮಾರು 333 ವ್ಯಾಟ್ ಶಾಖವಾಗಿ ಹರಳಿನಲ್ಲಿಯೇ ಉಳಿಯುತ್ತದೆ. ಮನೆಯ ಇಸ್ತ್ರಿ ಪೆಟ್ಟಿಗೆಯ ಅರ್ಧದಷ್ಟು ಶಾಖ ಬೆರಳಿನ ಉಗುರಿಗಿಂತ ಕಿರಿದಾದ ಸ್ಥಳದಿಂದ ಹೊಮ್ಮಿದಂತೆ! ಹರಳಿನಿಂದ ಹೊರಕವಚಕ್ಕೆ ಶಾಖ ಹರಿಯುವಾಗ ಪ್ರತಿ ವ್ಯಾಟಿಗೂ 0.15 ಡಿಗ್ರಿಯಂತೆ ಉಷ್ಣತೆ ಏರುವುದಾದರೆ, ಹರಳು ಕವಚಕ್ಕಿಂತ 50 ಡಿಗ್ರಿ ಬಿಸಿಯಾಗಿರುತ್ತದೆ. ಕವಚ 80 ಡಿಗ್ರಿ ಸೆಂಟಿಗ್ರೇಡಿನಲ್ಲಿದ್ದರೆ ಹರಳು 130 ಡಿಗ್ರಿಯಲ್ಲಿದೆ. ಇದು ಸಹ್ಯ. ಆದರೆ ಯಾವುದೋ ಕಾರಣದಿಂದ ದಕ್ಷತೆ ಅರ್ಧಕ್ಕಿಳಿದರೆ? ಆಗ ಶಾಖ 1000 ವ್ಯಾಟ್. ಏರಿಕೆ 150 ಡಿಗ್ರಿ. ಹರಳಿನ ಉಷ್ಣತೆ 230 ಡಿಗ್ರಿ. ಸಿಲಿಕಾನ್ ಟ್ರಾನ್ಸಿಸ್ಟರಿಗೆ ಇದು ಮೃತ್ಯುವಲಯ. ವಾಲ್ವಿನ ಫಲಕವು ಕೆಂಪಗೆ ಕಾದು ಎಚ್ಚರಿಕೆ ಕೊಡುತ್ತದೆ. ಟ್ರಾನ್ಸಿಸ್ಟರು ಎಚ್ಚರಿಕೆ ಕೊಡದೆ ಕ್ಷಣಮಾತ್ರದಲ್ಲಿ ಸಾಯುತ್ತದೆ.

ಹಳೆಯ ಬಗೆಯ ಟ್ರಾನ್ಸಿಸ್ಟರುಗಳಲ್ಲಿ ಇನ್ನೂ ಒಂದು ಅಪಾಯವಿತ್ತು. ಬಿಸಿಯಾದಷ್ಟೂ ಅವು ಹೆಚ್ಚು ಪ್ರವಾಹವನ್ನು ಹರಿಯಬಿಡುತ್ತಿದ್ದುವು. ಪ್ರವಾಹ ಹೆಚ್ಚಿದಷ್ಟೂ ಮತ್ತೆ ಬಿಸಿ. ಹರಳಿನ ಯಾವುದೋ ಒಂದು ಮೂಲೆ ಕೊಂಚ ಕಾದರೆ ಪ್ರವಾಹವೆಲ್ಲ ಅಲ್ಲಿಗೇ ನುಗ್ಗಿ ಅದನ್ನು ಸುಟ್ಟುಬಿಡುತ್ತಿತ್ತು.

ಪರಿಹಾರ

ಪರಿಹಾರದ ಬೀಜ ಬಿದ್ದುದು 1959ರಲ್ಲಿ. ಬೆಲ್ ಪ್ರಯೋಗಶಾಲೆಯ ಅಟಾಲ ಮತ್ತು ಕಾಂಗ್ ಎಂಬವರು ಹೊಸ ಬಗೆಯ ಟ್ರಾನ್ಸಿಸ್ಟರನ್ನು ರೂಪಿಸಿದರು. ಇದರಲ್ಲಿ ಗೇಟ್ ಎಂಬ ಲೋಹದ ತಗಡು, ನಡುವೆ ಗಾಜಿನಂಥ ತೆಳುವಾದ ಸಿಲಿಕಾನ್ ಆಕ್ಸೈಡ್ ಪದರ, ಕೆಳಗೆ ಸಿಲಿಕಾನ್. ಗೇಟಿನ ಮೇಲಣ ವೋಲ್ಟೇಜು ಆ ಪದರದಾಚೆಗಿನ ಎಲೆಕ್ಟ್ರಾನುಗಳನ್ನು ಸೆಳೆದೋ ತಳ್ಳಿಯೋ ದಾರಿಯನ್ನು ತೆರೆದು ಮುಚ್ಚುತ್ತದೆ. ಇದಕ್ಕೆ ಮಾಸ್‌ಫೆಟ್ ಎಂದು ಹೆಸರು. ಪ್ರವಾಹ ಹೆಚ್ಚಾಗಿರುವಾಗ ಈ ಟ್ರಾನ್ಸಿಸ್ಟರು ಬಿಸಿಯೇರಿದಂತೆ ಪ್ರವಾಹವನ್ನು ತಗ್ಗಿಸುತ್ತದೆ; ಕಾದ ಮೂಲೆ ತನ್ನ ಹೊರೆಯನ್ನು ತಣ್ಣಗಿರುವ ನೆರೆಯವರಿಗೆ ಹಂಚಿಕೊಡುತ್ತದೆ.

ಇದೇ ತತ್ತ್ವದ ಮೇಲೆ 1990ರ ದಶಕದಲ್ಲಿ ಎಲ್‌ಡಿಮಾಸ್ ಎಂಬ ರಚನೆ ಬಲವಾದ ರೇಡಿಯೋ ವರ್ಧಕಗಳಿಗೆ ಒದಗಿತು. ಅದರ ಜಾಣ್ಮೆಯನ್ನು ಗಮನಿಸಿ. ತೂಬಿನ ಕೆಲಸಕ್ಕೆ ಒಂದು ಮೈಕ್ರಾನಿಗೂ ಕಿರಿದಾದ ದಾರಿ. ಅದರ ಮುಂದೆ, ವೋಲ್ಟೇಜಿನ ಭಾರವನ್ನು ಹೊರಲು, ಹಲವು ಮೈಕ್ರಾನು ಉದ್ದದ ಮತ್ತೊಂದು ಬಯಲು. ವೇಗವನ್ನು ಒಬ್ಬನಿಗೂ ತಾಳಿಕೆಯನ್ನು ಇನ್ನೊಬ್ಬನಿಗೂ ವಹಿಸಿ ಹಳೆಯ ತೊಡಕನ್ನು ಬಿಡಿಸಿದಂತಾಯಿತು. ಮೇಲಾಗಿ, ಹರಳಿನ ತಳವನ್ನೇ ನೇರವಾಗಿ ಲೋಹದ ಪೀಠಕ್ಕೆ ಬೆಸೆಯಬಹುದು. ಮೊದಲಿನ ಟ್ರಾನ್ಸಿಸ್ಟರುಗಳಲ್ಲಿ ಶಾಖವನ್ನು ಬಿಟ್ಟು ವಿದ್ಯುತ್ತನ್ನು ಮಾತ್ರ ತಡೆಯಲು ಬೆರಿಲಿಯಂ ಆಕ್ಸೈಡಿನ ಬಿಲ್ಲೆಯನ್ನು ನಡುವೆ ಇಡಬೇಕಾಗುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಆದುದರಿಂದ ಗುಜರಿಯಲ್ಲಿ ಸಿಕ್ಕ ಹಳೆಯ ದೊಡ್ಡ ಟ್ರಾನ್ಸಿಸ್ಟರುಗಳ ಬಿಳಿಯ ಭಾಗವನ್ನು ಒಡೆಯುವುದಾಗಲಿ ಉಜ್ಜುವುದಾಗಲಿ ಎಂದೂ ಕೂಡದೆಂದು ನಮ್ಮ ತರುಣ ಓದುಗರನ್ನು ಎಚ್ಚರಿಸುತ್ತೇವೆ.

ಇಂದು ಇಂಥ ಒಂದೇ ಟ್ರಾನ್ಸಿಸ್ಟರು ಎಫ್. ಎಂ. ಆವೃತ್ತಿಯಲ್ಲಿ 1000 ವ್ಯಾಟಿಗೂ ಹೆಚ್ಚು ಶಕ್ತಿಯನ್ನು ಕೊಡುತ್ತದೆ. ಅದನ್ನು ನಡೆಸಲು ಐದಾರು ವ್ಯಾಟಿನ ಸಂಕೇತ ಸಾಕು.

ಹಲವು ಕೈಗಳ ತೇರು

ಹತ್ತು ಸಾವಿರ ವ್ಯಾಟ್ ಬೇಕಾದರೆ ಏನು ಮಾಡಬೇಕು? ಸಾವಿರ ವ್ಯಾಟಿನ ಹತ್ತು ವರ್ಧಕಗಳನ್ನು ಜೊತೆಗೂಡಿಸಬೇಕು. ತೇರನ್ನು ಎಳೆಯುವವರು ಒಂದೇ ಕೂಗಿಗೆ ಒಟ್ಟಾಗಿ ಎಳೆದರೆ ತೇರು ಚಲಿಸುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೆದರೆ ಹಗ್ಗ ಮಾತ್ರ ತುಯ್ದಾಡುತ್ತದೆ. ವರ್ಧಕಗಳ ಅಲೆಗಳೂ ಹಾಗೆಯೇ ಏಕಕಾಲಕ್ಕೆ ಏರಿ ಇಳಿಯುವಂತೆ ಹೊಂದಿಸಬೇಕು.

ಈ ಏರ್ಪಾಟಿನ ನಿಜವಾದ ಲಾಭ ಕಾಣುವುದು ಕೆಟ್ಟ ಗಳಿಗೆಯಲ್ಲಿ. ಹತ್ತರಲ್ಲಿ ಒಂದು ಕೆಟ್ಟರೆ ಉಳಿಯುವ ಶಕ್ತಿ ಎಷ್ಟು? ಅಲೆಗಳ ಎತ್ತರ ಹತ್ತರಲ್ಲಿ ಒಂಬತ್ತು ಪಾಲಾಗುತ್ತದೆ. ಶಕ್ತಿ ಎತ್ತರದ ವರ್ಗಕ್ಕೆ ಅನುಗುಣವಾದುದರಿಂದ ನೂರರಲ್ಲಿ ಎಂಬತ್ತೊಂದು ಪಾಲು ಉಳಿಯುತ್ತದೆ. ಎಂದರೆ 8100 ವ್ಯಾಟ್. ಉಳಿದ ಒಂಬತ್ತು ವರ್ಧಕಗಳು ಕೊಡುವ 9000 ವ್ಯಾಟಿನಲ್ಲಿ ಮಿಕ್ಕ 900 ವ್ಯಾಟನ್ನು ಸಮತೋಲದ ರೋಧಕಗಳು ನುಂಗಿಕೊಳ್ಳುತ್ತವೆ. ಕೇಳುಗನ ಕಿವಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ನೆರೆ ಬಂದು ಕಂಬಗಳುರುಳಿ ಊರೂರುಗಳ ಸಂಪರ್ಕ ಕಡಿದಾಗ, ಬ್ಯಾಟರಿಯ ರೇಡಿಯೋ ಒಂದೇ ಜನರಿಗೆ ದಿಕ್ಕಾಗಬಹುದು. ಆ ಹೊತ್ತಿನಲ್ಲಿ ಪ್ರೇಷಕ ಮೂಕವಾಗದಿರುವುದು ಸಣ್ಣ ಮಾತಲ್ಲ.

ಆದರೂ ಕಾವಲು ಬೇಕು. ಸಿಡಿಲಿನಿಂದಲೋ ನೀರು ಹೊಕ್ಕುದರಿಂದಲೋ ಏರಿಯಲ್ ಕೆಟ್ಟರೆ, ಹೋದ ಶಕ್ತಿ ಗೋಡೆಗೆ ತಾಗಿದ ಚೆಂಡಿನಂತೆ ಹಿಂದಿರುಗಿ ಟ್ರಾನ್ಸಿಸ್ಟರಿನ ಮೇಲೆಯೇ ಎರಗುತ್ತದೆ. ಹೀಗೆ ಹಿಂದಿರುಗುವ ಶಕ್ತಿಯನ್ನು ಅಳೆದು, ಅದು ಮಿತಿಮೀರಿದೊಡನೆ ಸಂಕೇತವನ್ನು ತಗ್ಗಿಸುವ ರಕ್ಷಕ ಮಂಡಲವು ಪ್ರತಿಯೊಂದು ಪ್ರೇಷಕದಲ್ಲಿಯೂ ಇರುತ್ತದೆ.

ಮಧ್ಯಮ ತರಂಗದಲ್ಲಿ

ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸಿನಂಥ ಮಧ್ಯಮ ತರಂಗಗಳಲ್ಲಿ ಕೆಲಸ ಇನ್ನೂ ಸುಲಭ. ಇಲ್ಲಿ ಕಾಲಾವಕಾಶ ನೂರು ಪಟ್ಟಿಗೂ ಹೆಚ್ಚು. ಆದುದರಿಂದ ಟ್ರಾನ್ಸಿಸ್ಟರನ್ನು ಅರೆಬರೆ ತೆರೆದಿಡದೆ, ಮನೆಯ ದೀಪದ ಸ್ವಿಚ್ಚಿನಂತೆ ಪೂರ್ತಿ ತೆರೆದು ಪೂರ್ತಿ ಮುಚ್ಚಬಹುದು. ತೆರೆದಿರುವಾಗ ಅದರ ಮೇಲೆ ವೋಲ್ಟೇಜಿಲ್ಲ. ಮುಚ್ಚಿರುವಾಗ ಅದರಲ್ಲಿ ಪ್ರವಾಹವಿಲ್ಲ. ಶಾಖವೆಂಬುದು ಇವೆರಡರ ಗುಣಲಬ್ಧವಾದುದರಿಂದ ನಷ್ಟ ಅತ್ಯಲ್ಪ. ಅಮೆರಿಕದ ಎಂಜಿನಿಯರ್ ಹಿಲ್ಮರ್ ಸ್ವಾನ್ಸನ್ ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿ, ಧ್ವನಿಯ ಏರಿಳಿತಕ್ಕೆ ತಕ್ಕಂತೆ ಎಷ್ಟು ವರ್ಧಕಗಳು ದುಡಿಯಬೇಕೆಂಬುದನ್ನೇ ಕ್ಷಣಕ್ಷಣವೂ ಬದಲಿಸುವ ಪ್ರೇಷಕವನ್ನು ರೂಪಿಸಿದನು. ಗಾಯಕನು ಸ್ವರವೇರಿಸಿದರೆ ಹೆಚ್ಚು ಕೈಗಳು, ಇಳಿಸಿದರೆ ಕಡಮೆ ಕೈಗಳು!

ವಾಲ್ವು ಪೂರ್ಣವಾಗಿ ಮರೆಯಾಯಿತೆಂದು ತಿಳಿಯಬಾರದು. ನೂರಾರು ಕಿಲೋವ್ಯಾಟ್ ಬಲದ ಹ್ರಸ್ವತರಂಗ ಪ್ರೇಷಕಗಳಲ್ಲಿ ಅದು ಇಂದಿಗೂ ದುಡಿಯುತ್ತಿದೆ. ಇತ್ತ ಸಿಲಿಕಾನಿಗೂ ಗ್ಯಾಲಿಯಂ ನೈಟ್ರೈಡ್ ಎಂಬ ಹೊಸ ಸ್ಪರ್ಧಿ ಹುಟ್ಟಿದೆ. ಹೆಚ್ಚಿನ ವೋಲ್ಟೇಜನ್ನೂ ಶಾಖವನ್ನೂ ತಾಳಬಲ್ಲ ಅದು ರೇಡಾರುಗಳಲ್ಲಿಯೂ ಮೊಬೈಲ್ ಗೋಪುರಗಳಲ್ಲಿಯೂ ಈಗಾಗಲೇ ನೆಲೆಯೂರಿದೆ.

ಇನ್ನು ಮುಂದೆ ರೇಡಿಯೋದ ಗುಂಡಿ ತಿರುಗಿಸಿದಾಗ ವಾಚಕರು ಒಂದು ಗಳಿಗೆ ಯೋಚಿಸಲಿ. ಅವರ ಕೈಯಲ್ಲಿರುವ ಟ್ರಾನ್ಸಿಸ್ಟರನ್ನು ಮಾತನಾಡಿಸುತ್ತಿರುವುದೂ ಟ್ರಾನ್ಸಿಸ್ಟರೇ. ಒಂದು ಜೇಬಿನಲ್ಲಿ ತಣ್ಣಗೆ ಮಲಗಿದೆ. ಅದರ ಅಣ್ಣನಾದ ಇನ್ನೊಂದು ಗಾಳಿ ಮೊರೆಯುವ ಕಪಾಟಿನೊಳಗೆ, ತಾಮ್ರದ ಪೀಠದ ಮೇಲೆ, ನೂರಕ್ಕೂ ಮೀರಿದ ಬಿಸಿಯನ್ನು ನುಂಗಿಕೊಂಡು ಹಗಲಿರುಳೂ ತೂಬನ್ನು ಎತ್ತಿ ಇಳಿಸುತ್ತಿದೆ.